ಹೆಸರು ಕೊರೆದ ಪಾತ್ರೆ: ಟ್ಯಾಗ್ ಆಂಟಿಬಾಡಿಯಿಂದ ಪ್ರೋಟೀನ್ ಹುಡುಕುವ ಬಗೆ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ತಿಂಗಳಲ್ಲಿ ಒಮ್ಮೆಯಾದರೂ ನನ್ನ ಮೇಜಿನ ಪಕ್ಕ ಬಂದು ನಿಲ್ಲುತ್ತಾರೆ. ಕೈಯಲ್ಲಿ ಬ್ಲಾಟಿನ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಪ್ರಿಂಟ್, ಮುಖ ಸಪ್ಪಗೆ. "ಅಕ್ಕಾ, ಏನೂ ಬಂದಿಲ್ಲ." ಆಗ ನಾನು ಕೇಳುವುದು ಒಂದೇ: "ಏನು ಬಂದಿಲ್ಲ? ಪ್ರೋಟೀನ್ ಬಂದಿಲ್ಲವೋ, ಟ್ಯಾಗ್ ಬಂದಿಲ್ಲವೋ?" ಎರಡೂ ಒಂದೇ ಅಲ್ಲವಾ ಅನ್ನುವ ಹಾಗೆ ನೋಡುತ್ತಾರೆ. ಹನ್ನೆರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೆ ಮೂರು ವಾರ ದಂಡ ತೆತ್ತೆ. ಆ ಕಥೆಗೆ ಆಮೇಲೆ ಬರುತ್ತೇನೆ.

ತೀರ್ಥಹಳ್ಳಿ ಹತ್ತಿರ ನಮ್ಮೂರು. ಅಲ್ಲಿ ಒಂದು ಮನೆಯಲ್ಲಿ ಮದುವೆ ಎಂದರೆ ಅಕ್ಕಪಕ್ಕದ ನಾಲ್ಕಾರು ಮನೆಗಳ ಪಾತ್ರೆಗಳೆಲ್ಲ ಆ ಅಡುಗೆಮನೆಗೆ ಬಂದು ಸೇರುತ್ತಿದ್ದವು. ನಮ್ಮಜ್ಜಿ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡ ಪ್ರತಿ ಲೋಟ, ಪ್ರತಿ ಬೋಗುಣಿಯ ಅಂಚಿಗೂ ಅಜ್ಜನ ಹೆಸರಿನ ಎರಡಕ್ಷರ ಕೊರೆಸಿಟ್ಟಿದ್ದಳು. ಮದುವೆ ಮುಗಿದ ಮಾರನೆ ದಿನ ತೊಳೆದ ರಾಶಿಯಿಂದ ನಮ್ಮದನ್ನು ಆರಿಸಿ ತರುವುದು ಮಕ್ಕಳ ಕೆಲಸ. ನಾವು ಲೋಟದ ಆಕಾರ ನೋಡುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದೆವು, ಅಷ್ಟೇ. ಅಕ್ಷರ ಇದ್ದರೆ ನಮ್ಮದು, ಲೋಟ ತೂತಾಗಿದ್ದರೂ. ಟ್ಯಾಗ್ ಎಂದರೆ ಪ್ರೋಟೀನಿನ ತುದಿಗೆ ಅಂಟಿಸುವ ಇಂಥದೇ ಒಂದು ಗುರುತು, ಅದನ್ನು ಕಂಡು ಹಿಡಿದುಕೊಳ್ಳುವ ಪ್ರೋಟೀನೇ ಟ್ಯಾಗ್ ಆಂಟಿಬಾಡಿ. ಅದೂ ನಮಗಿಂತ ಜಾಣ ಅಲ್ಲ. ನಿಮ್ಮ ಪ್ರೋಟೀನ್ ಯಾವುದು, ಅದು ಸರಿಯಾಗಿ ಮಡಿಚಿಕೊಂಡಿದೆಯೋ, ಕೆಲಸ ಮಾಡುತ್ತದೋ, ಅದಕ್ಕೆ ಗೊತ್ತಿಲ್ಲ. ತುದಿಯಲ್ಲಿ ಕೊರೆದ ಎಂಟು-ಹತ್ತು ಅಕ್ಷರ, ಅಂದರೆ ಅಮೈನೋ ಆಮ್ಲ, ಕಂಡರೆ ಹಿಡಿದುಕೊಳ್ಳುತ್ತದೆ.

ಒಂದು ಹೊಸ ಪ್ರೋಟೀನಿಗೆಂದೇ ಆಂಟಿಬಾಡಿ ಮಾಡಿಸಲು ಹೊರಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದುಡ್ಡೂ ಕರಗುತ್ತದೆ, ಕೊನೆಗೆ ಬಂದದ್ದು ಕೆಲಸ ಮಾಡೀತು ಎಂಬ ಖಾತರಿಯೂ ಇಲ್ಲ. ಅದರ ಬದಲು ಜೀನಿನ ಒಂದು ತುದಿಗೆ ಸಣ್ಣ ಪೆಪ್ಟೈಡಿನ (ಕೆಲವೇ ಅಮೈನೋ ಆಮ್ಲಗಳ ಸರಪಳಿಯ) ಸಂಕೇತ ಸೇರಿಸಿಬಿಟ್ಟರೆ, ಆ ಪೆಪ್ಟೈಡಿಗೆ ಈಗಾಗಲೇ ಇರುವ ಒಳ್ಳೆಯ ಆಂಟಿಬಾಡಿಯಿಂದಲೇ ಯಾವ ಪ್ರೋಟೀನನ್ನಾದರೂ ಹುಡುಕಬಹುದು. 1984ರಲ್ಲಿ ಶಾನ್ ಮನ್ರೋ ಮತ್ತು ಹ್ಯೂ ಪೆಲ್‌ಹ್ಯಾಮ್ ಹಣ್ಣುನೊಣದ ಎಚ್‌ಎಸ್‌ಪಿ70 ಪ್ರೋಟೀನಿಗೆ ಸಬ್‌ಸ್ಟೆನ್ಸ್ ಪಿ ಎಂಬ ನರಪೆಪ್ಟೈಡಿನ ತುಣುಕನ್ನು ಅಂಟಿಸಿ ಇದನ್ನು ಮಾಡಿ ತೋರಿಸಿದರು. ಈಗ ಕ್ಯಾಟಲಾಗ್ ತೆರೆದರೆ ಟ್ಯಾಗುಗಳ ಸಂತೆಯೇ ಇದೆ.

ಯಾವ ಟ್ಯಾಗ್

ನನ್ನನ್ನು ಕೇಳಿದರೆ, ಸಸ್ತನಿ ಕೋಶಗಳಲ್ಲಿ ಕೆಲಸ ಮಾಡುವವರು ಮೊದಲು ಫ್ಲ್ಯಾಗ್ ನೋಡಿ. 1988ರಲ್ಲಿ ಬಂದದ್ದು. ಎಂಟು ಅಮೈನೋ ಆಮ್ಲ: ಆಸ್ಪಾರ್ಟೇಟ್, ಟೈರೋಸಿನ್, ಲೈಸಿನ್, ಆಮೇಲೆ ಸಾಲಾಗಿ ನಾಲ್ಕು ಆಸ್ಪಾರ್ಟೇಟ್, ಕೊನೆಗೊಂದು ಲೈಸಿನ್. ಯಾವ ಜೀವಿಯಿಂದಲೂ ಎತ್ತಿಕೊಂಡದ್ದಲ್ಲ, ಕೂತು ರೂಪಿಸಿದ್ದು. ಆದ್ದರಿಂದ ಕೋಶದ ಸ್ವಂತ ಪ್ರೋಟೀನುಗಳ ಜತೆ ಗೊಂದಲ ಕಡಿಮೆ. ನಾವು ಬಳಸುವುದು ಇದರ ಮೂರು ಪಟ್ಟಿನ ರೂಪ, 22 ಅಮೈನೋ ಆಮ್ಲದ್ದು. ಒಂದೇ ಲೋಟಕ್ಕೆ ಮೂರು ಕಡೆ ಹೆಸರು ಹಾಕಿಸಿದ ಹಾಗೆ, ಸಿಗ್ನಲ್ ಜೋರಾಗಿ ಬರುತ್ತದೆ. ತೂಕ ಸುಮಾರು 3 ಕಿಲೋಡಾಲ್ಟನ್ (ಪ್ರೋಟೀನಿನ ತೂಕ ಹೇಳುವ ಮಾನ) ಏರುತ್ತದೆ, ಅದನ್ನು ಲೆಕ್ಕದಲ್ಲಿಡಿ.

ಫ್ಲ್ಯಾಗಿಗೆ ಆಂಟಿಬಾಡಿ ಕೊಳ್ಳುವಾಗ ಕ್ಲೋನಿನ (ಆಂಟಿಬಾಡಿಯ ತಳಿಯ) ಹೆಸರು ನೋಡದೆ ಆರ್ಡರ್ ಹಾಕಬೇಡಿ. ಎಂ2 ಎಂಬುದು ಟ್ಯಾಗ್ ಎಲ್ಲಿದ್ದರೂ ಹಿಡಿಯುತ್ತದೆ. ಎಂ1 ಹಾಗಲ್ಲ. ಅದಕ್ಕೆ ಕ್ಯಾಲ್ಸಿಯಂ ಬೇಕು, ಜತೆಗೆ ಫ್ಲ್ಯಾಗ್ ಪ್ರೋಟೀನಿನ ಅಮೈನೋ ತುದಿಯಲ್ಲಿ (ಪ್ರೋಟೀನ್ ಶುರುವಾಗುವ ಕಡೆ) ಎದುರಿಗೆ ಏನೂ ಇಲ್ಲದೆ ಬರಿದಾಗಿ ಇರಬೇಕು. ಮುಂದೆ ಒಂದು ಮೆಥಿಯೋನಿನ್ ಇದ್ದರೂ ಅದು ಮೂಸುವುದಿಲ್ಲ. ಎಂ1 ತರಿಸಿಕೊಂಡು ಕಾರ್ಬಾಕ್ಸಿ ತುದಿಯ (ಪ್ರೋಟೀನ್ ಮುಗಿಯುವ ಕಡೆಯ) ಟ್ಯಾಗ್ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ.

ಎಚ್‌ಎ ಟ್ಯಾಗ್ ಇನ್‌ಫ್ಲುಯೆಂಜಾ ವೈರಸ್ಸಿನ ಹೀಮಗ್ಲುಟಿನಿನ್ನಿನ 98ರಿಂದ 106ರವರೆಗಿನ ಒಂಬತ್ತು ಅಮೈನೋ ಆಮ್ಲ. ಅದಕ್ಕಿರುವ ಆಂಟಿಬಾಡಿಗಳಲ್ಲಿ 12ಸಿಎ5 ಸಣ್ಣ ಇಲಿಯದ್ದು, ಅಂದರೆ ಮೌಸ್‌ನದ್ದು. 3ಎಫ್10 ದೊಡ್ಡ ಇಲಿ ಜಾತಿಯ ರ‍್ಯಾಟ್‌ನದ್ದು. ಇದು ಬೇಕಾಗುವ ಮಾಹಿತಿಯೇ, ಏಕೆಂದರೆ ಸೆಕೆಂಡರಿ ಆಂಟಿಬಾಡಿ (ಮೊದಲ ಆಂಟಿಬಾಡಿಯನ್ನು ಹಿಡಿದು ಸಿಗ್ನಲ್ ಕೊಡಿಸುವ ಎರಡನೆಯದು) ತರಿಸುವಾಗ ಮೌಸ್ ವಿರುದ್ಧದ್ದು ತರಿಸಿ 3ಎಫ್10 ಮೇಲೆ ಸುರಿದರೆ ಬ್ಲಾಟ್ ಕೈಕೊಡುತ್ತದೆ. ಎಚ್‌ಎಗೆ ಇನ್ನೊಂದು ಸಣ್ಣ ಕಾಯಿಲೆ ಇದೆ. ಕೋಶಗಳು ಸಾಯುವ ಹಾದಿ ಹಿಡಿದಾಗ ಕ್ಯಾಸ್ಪೇಸ್ ಕಿಣ್ವಗಳು ಈ ಟ್ಯಾಗನ್ನೇ ನಡುವೆ ಕತ್ತರಿಸುತ್ತವೆ. ಪ್ರೋಟೀನ್ ಇದ್ದಲ್ಲೇ ಇರುತ್ತದೆ, ಬ್ಯಾಂಡ್ (ಬ್ಲಾಟಿನ ಮೇಲೆ ಅದು ಮೂಡಿಸುವ ಗೆರೆ) ಮಾತ್ರ ಮಾಯ. ಕೋಶಮರಣದ ಮೇಲೆ ಕೆಲಸ ಮಾಡುವವರು ಎಚ್‌ಎ ಕಡೆ ಹೋಗದಿರುವುದೇ ವಾಸಿ.

ಮಿಕ್ ಟ್ಯಾಗ್ ಮನುಷ್ಯನ ಸಿ-ಮಿಕ್ ಪ್ರೋಟೀನಿನಿಂದಲೇ ತೆಗೆದ ಹತ್ತು ಅಮೈನೋ ಆಮ್ಲ, ಅದರ ಆಂಟಿಬಾಡಿ 9ಇ10. ಪಕ್ಕದ ಮನೆಯವರ ಇನಿಶಿಯಲ್ಲೂ ನಮ್ಮದೇ ಆಗಿದ್ದರೆ ಪಾತ್ರೆ ಆರಿಸುವಾಗ ಏನಾಗುತ್ತದೋ ಇಲ್ಲೂ ಅದೇ. ಮನುಷ್ಯನ ಕೋಶಗಳಲ್ಲಿ ಅದರದೇ ಸಿ-ಮಿಕ್ 60 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಹಾಜರಿ ಹಾಕುತ್ತದೆ. ನಿಮ್ಮ ಪ್ರೋಟೀನ್ 60ರದ್ದೇ ಆಗಿದ್ದರೆ ಈ ಟ್ಯಾಗ್ ಬೇಡ.

ಹಿಸ್ ಟ್ಯಾಗ್, ಅಂದರೆ ಆರು ಹಿಸ್ಟಿಡಿನ್, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ನಿಕ್ಕಲ್ ಕಾಲಮ್ಮಿನಲ್ಲಿ ಶುದ್ಧ ಮಾಡಲಿಕ್ಕೆ ಬಂಗಾರ. ಆದರೆ ಮನುಷ್ಯನ ಕೋಶದ ಲೈಸೇಟಿನಲ್ಲಿ (ಕೋಶ ಒಡೆದು ತೆಗೆದ ದ್ರವದಲ್ಲಿ) ಹುಡುಕಲು ನಾನು ಹಿಸ್ ಬಳಸುವುದಿಲ್ಲ. ಡಿವೈಆರ್‌ಕೆ1ಎಯಂಥ ಕೆಲವು ಪ್ರೋಟೀನುಗಳಲ್ಲಿ ಹುಟ್ಟಿನಿಂದಲೇ ಸಾಲು ಸಾಲು ಹಿಸ್ಟಿಡಿನ್ ಇದೆ. ವಿ5 ಕೂಡ ಚೆನ್ನಾಗಿದೆ, 14 ಅಮೈನೋ ಆಮ್ಲ, ಸಿಮಿಯನ್ ವೈರಸ್ 5ರಿಂದ ಬಂದದ್ದು. ಎರಡು ಪ್ರೋಟೀನುಗಳನ್ನು ಒಟ್ಟಿಗೆ ನೋಡಬೇಕಾದಾಗ ಒಂದಕ್ಕೆ ಫ್ಲ್ಯಾಗ್, ಇನ್ನೊಂದಕ್ಕೆ ವಿ5 ಹಾಕುತ್ತೇವೆ.

ಯಾವ ತುದಿಗೆ

ಇದನ್ನು ಪ್ರೈಮರ್ (ಜೀನ್ ನಕಲು ಮಾಡಲು ಬಳಸುವ ಸಣ್ಣ ಡಿಎನ್ಎ ತುಣುಕು) ಬರೆಯುವ ಮುಂಚೆ ಯೋಚಿಸಬೇಕು, ಬ್ಲಾಟ್ ಕೆಟ್ಟ ಮೇಲೆ ಅಲ್ಲ. ಪ್ರೋಟೀನ್ ಕೋಶದಿಂದ ಹೊರಗೆ ಸ್ರವಿಸುವಂಥದ್ದೋ ಅಥವಾ ಪೊರೆಗೆ ಹೋಗುವಂಥದ್ದೋ ಆದರೆ ಅದರ ಅಮೈನೋ ತುದಿಯಲ್ಲಿ ಸಿಗ್ನಲ್ ಪೆಪ್ಟೈಡ್ ಇರಬಹುದು. ಅದನ್ನು ಕೋಶ ದಾರಿಯಲ್ಲೇ ಕತ್ತರಿಸಿ ಎಸೆಯುತ್ತದೆ. ಅದರ ಮುಂದೆ ಟ್ಯಾಗ್ ಹಾಕಿದರೆ ಟ್ಯಾಗೂ ಅದರ ಜತೆ ಕಸಕ್ಕೆ. ಸಿಗ್ನಲ್ ಪೆಪ್ಟೈಡಿನ ಹಿಂದೆ ಹಾಕಿ, ಇಲ್ಲವೇ ಕಾರ್ಬಾಕ್ಸಿ ತುದಿಗೆ ಹಾಕಿ. ಕಾರ್ಬಾಕ್ಸಿ ತುದಿಗೂ ತನ್ನದೇ ತಕರಾರಿದೆ. ಕೆಲವು ಪ್ರೋಟೀನುಗಳ ಕೊನೆಯ ನಾಲ್ಕು ಅಮೈನೋ ಆಮ್ಲಗಳೇ ವಿಳಾಸ. ಕೆಡಿಇಎಲ್ ಇದ್ದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲಿ ಉಳಿ ಎಂದರ್ಥ. ರಾಸ್ ಬಗೆಯ ಪ್ರೋಟೀನುಗಳಲ್ಲಿ ಕೊನೆಯ ನಾಲ್ಕಕ್ಕೆ ಕೊಬ್ಬಿನ ಬಾಲ ಅಂಟಬೇಕು. ಅದರ ಮೇಲೆ ಟ್ಯಾಗ್ ಅಂಟಿಸಿದರೆ ವಿಳಾಸ ಅಳಿಸಿದಂತೆ. ಪ್ರೋಟೀನ್ ಕಾಣುತ್ತದೆ, ಆದರೆ ತಪ್ಪು ಜಾಗದಲ್ಲಿ.

ಗೊತ್ತಿಲ್ಲದಿದ್ದರೆ ಎರಡೂ ತುದಿಯದ್ದು ಬೇರೆ ಬೇರೆ ಮಾಡಿ. ಒಂದು ವಾರ ಹೆಚ್ಚಿಗೆ ಹಿಡಿಯುತ್ತದೆ, ಹಿಡಿಯಲಿ.

ಮೂರು ವಾರದ ಬಿಳಿ ಮೆಂಬ್ರೇನ್

ಈಗ ನನ್ನ ಕಥೆ. 48 ಕಿಲೋಡಾಲ್ಟನ್ನಿನ ಒಂದು ಪ್ರೋಟೀನಿನ ಜೀನನ್ನು ಕಾರ್ಬಾಕ್ಸಿ ತುದಿಯಲ್ಲಿ ಮೂರು ಪಟ್ಟಿನ ಫ್ಲ್ಯಾಗ್ ಬರುವ ವೆಕ್ಟರಿನಲ್ಲಿ (ಜೀನನ್ನು ಕೋಶಕ್ಕೆ ಒಯ್ಯುವ ಡಿಎನ್ಎ ಉಂಗುರ, ಪ್ಲಾಸ್ಮಿಡ್) ಕ್ಲೋನ್ ಮಾಡಿದೆ. ಎಚ್‌ಇಕೆ293ಟಿ ಎಂಬ ಮನುಷ್ಯನ ಕೋಶಗಳಿಗೆ ಹಾಕಿದೆ, ಲೈಸೇಟ್ ಮಾಡಿದೆ, ಬ್ಲಾಟ್ ಮಾಡಿದೆ. ಮೆಂಬ್ರೇನ್ ತೊಳೆದ ಪಂಚೆ ಹಾಗೆ ಬೆಳ್ಳಗೆ. ಆಂಟಿಬಾಡಿ ದುರ್ಬಲ ಇರಬೇಕೆಂದು 1:5000 ಇದ್ದದ್ದನ್ನು 1:1000 ಮಾಡಿದೆ. ಮತ್ತೆ ಬಿಳಿ. ಇಸಿಎಲ್ (ಬ್ಯಾಂಡನ್ನು ಬೆಳಗಿಸುವ ದ್ರಾವಣ) ಹಳೆಯದೆಂದು ಹೊಸದು ತೆರೆದೆ. ಟ್ರಾನ್ಸ್‌ಫರ್ ಸಮಯ ಏರಿಸಿದೆ. ಮೆಂಬ್ರೇನ್ ಬದಲಿಸಿದೆ. ಆಂಟಿಬಾಡಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುವಾಗ ದಾರಿಯಲ್ಲಿ ಬಿಸಿಯಾಗಿರಬೇಕೆಂದು ಮಾರಿದವರಿಗೆ ದೂರು ಬರೆಯಲೂ ಕೂತಿದ್ದೆ.

ಮೂರನೆ ವಾರ, ಆಗಿನ ನಮ್ಮ ಸೀನಿಯರ್ ಒಬ್ಬರು ಪಕ್ಕದ ಬೆಂಚಿನಿಂದಲೇ ಕೇಳಿದರು: "ಫ್ಲ್ಯಾಗ್ ಇರೋದು ಗೊತ್ತಿರೋ ಬೇರೆ ಯಾವ್ದಾದ್ರೂ ಪ್ರೋಟೀನ್ ಪಕ್ಕದ ಲೇನಿನಲ್ಲಿ ಓಡಿಸಿದ್ದೀಯೇನೇ?" ಓಡಿಸಿರಲಿಲ್ಲ. ಅವರ ಫ್ರೀಜರಿನಿಂದ ಒಂದು ಟ್ಯೂಬ್ ಲೈಸೇಟ್ ಕೊಟ್ಟರು. ಆ ಸಂಜೆಯೇ ಅವರ ಲೇನ್ ಕಪ್ಪಗೆ ಉರಿಯಿತು, ನನ್ನದು ಬಿಳಿ. ಅಂದರೆ ಆಂಟಿಬಾಡಿ, ಇಸಿಎಲ್, ಟ್ರಾನ್ಸ್‌ಫರ್ ಎಲ್ಲ ಸರಿ ಇದ್ದವು. ಪ್ಲಾಸ್ಮಿಡ್ಡಿನ ಸೀಕ್ವೆನ್ಸ್ ತೆರೆದು ಜೀನಿನ ಕೊನೆಗೆ ಹೋದೆ. ಜಿಎಟಿ ಟಿಎಸಿ ಎಎಜಿ ಎಂದು ಫ್ಲ್ಯಾಗ್ ಶುರುವಾಗುವುದಕ್ಕೆ ತುಸು ಮುಂಚೆ, ಟಿಎಎ. ಜೀನಿನ ಸ್ವಂತ ಸ್ಟಾಪ್ ಕೋಡಾನನ್ನು ನಾನು ರಿವರ್ಸ್ ಪ್ರೈಮರಿನಲ್ಲಿ ಹಾಗೇ ಉಳಿಸಿದ್ದೆ. ಕೋಶ ಪ್ರೋಟೀನನ್ನು ನಿಯತ್ತಾಗಿ ಮಾಡುತ್ತಿತ್ತು, ಟಿಎಎ ಬಂದ ಕೂಡಲೇ ನಿಲ್ಲಿಸುತ್ತಿತ್ತು. ಲೋಟ ತಯಾರಾಗಿತ್ತು, ಹೆಸರು ಕೊರೆದಿರಲಿಲ್ಲ.

ಆದ್ದರಿಂದ ಯಾವ ಟ್ಯಾಗ್ ಬ್ಲಾಟ್ ಆದರೂ ಈ ಲೇನುಗಳಿಲ್ಲದೆ ಜೆಲ್ ತುಂಬಬೇಡಿ: ಏನೂ ಹಾಕದ ಕೋಶ ಒಂದು, ಖಾಲಿ ವೆಕ್ಟರ್ ಹಾಕಿದ ಕೋಶ ಒಂದು, ಅದೇ ಟ್ಯಾಗ್ ಇದ್ದು ಬ್ಯಾಂಡ್ ಬರುತ್ತದೆಂದು ಗ್ಯಾರಂಟಿ ಇರುವ ಬೇರೆ ಪ್ರೋಟೀನ್ ಒಂದು. ಒಳ್ಳೆಯ ಪಾಸಿಟಿವ್ ಕಂಟ್ರೋಲ್ ಸಿಕ್ಕ ದಿನ ಐವತ್ತು ಸಣ್ಣ ಟ್ಯೂಬುಗಳಲ್ಲಿ ಹಂಚಿ ಮೈನಸ್ 80ಕ್ಕೆ ಇಟ್ಟುಬಿಡಿ. ನಮ್ಮ ಫ್ರೀಜರಿನಲ್ಲಿ ಆ ಡಬ್ಬಿಯ ಮುಚ್ಚಳದ ಮೇಲೆ "ದಾರಿದೀಪ" ಎಂದು ಯಾರೋ ಮಾರ್ಕರಿನಲ್ಲಿ ಬರೆದಿದ್ದಾರೆ. ಅಕ್ಷರ ನನ್ನದಲ್ಲ.

ಬ್ಲಾಟಿನ ಕೆಲಸ

ಆರು ಗುಂಡಿಯ ಪ್ಲೇಟಿನ ಒಂದು ಗುಂಡಿಗೆ 2 ಮೈಕ್ರೋಗ್ರಾಂ ಪ್ಲಾಸ್ಮಿಡ್. 36ರಿಂದ 48 ಗಂಟೆ ಬಿಡಿ. ತಣ್ಣನೆ ಉಪ್ಪಿನ ದ್ರಾವಣ ಪಿಬಿಎಸ್‌ನಲ್ಲಿ ತೊಳೆದು, ಪ್ರೋಟಿಯೇಸ್ ತಡೆಯುವ ಮಿಶ್ರಣ ಸೇರಿಸಿದ ರಿಪಾ (ಕೋಶ ಒಡೆಯುವ) ಬಫರ್ 150 ಮೈಕ್ರೋಲೀಟರ್ ಹಾಕಿ, ಐಸಿನ ಮೇಲೆ 20 ನಿಮಿಷ. ಆಮೇಲೆ 4 ಡಿಗ್ರಿಯಲ್ಲಿ 10 ನಿಮಿಷ ಜೋರಾಗಿ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ. ತಳದ ಗಸಿ ಎಸೆಯಬೇಡಿ. ನಿಮ್ಮ ಪ್ರೋಟೀನ್ ಕರಗದೆ ಅಲ್ಲೇ ಕೂತಿರಬಹುದು, ಬ್ಯಾಂಡ್ ಬಾರದ ದಿನ ಅದನ್ನೂ ಓಡಿಸಿ ನೋಡಬೇಕಾಗುತ್ತದೆ. ಲೇನಿಗೆ 20 ಮೈಕ್ರೋಗ್ರಾಂ ಸಾಕು. ಸ್ಯಾಂಪಲ್ ಬಫರಿನಲ್ಲಿ 95 ಡಿಗ್ರಿಗೆ 5 ನಿಮಿಷ ಕುದಿಸಿ. ಆದರೆ ಪೊರೆಯನ್ನು ಹಲವು ಸಲ ದಾಟುವ ಪ್ರೋಟೀನ್ ಆದರೆ ಕುದಿಸಬೇಡಿ, ಗಟ್ಟಿಯಾಗಿ ಮುದ್ದೆಗಟ್ಟಿ ಜೆಲ್ಲಿನ ಬಾಯಲ್ಲೇ ನಿಂತುಬಿಡುತ್ತದೆ. ಅಂಥದ್ದಕ್ಕೆ 37 ಡಿಗ್ರಿಯಲ್ಲಿ ಅರ್ಧ ಗಂಟೆ.

ಜೆಲ್ ಓಡಿಸುವುದು ಎಲ್ಲರಿಗೂ ಬರುತ್ತದೆ, ಅದನ್ನು ಬಿಡುತ್ತೇನೆ. ಕೈ ತಪ್ಪುವುದು ಟ್ರಾನ್ಸ್‌ಫರಿನಲ್ಲಿ. ಕ್ಯಾಸೆಟ್ಟಿನ ಕಪ್ಪು ಬದಿಯನ್ನು ಕೆಳಗಿಟ್ಟು ಟ್ರೇಯಲ್ಲಿ ಬಫರ್ ತುಂಬಿ, ಎಲ್ಲವನ್ನೂ ಮುಳುಗಿಸಿಕೊಂಡೇ ಕಟ್ಟಿ. ಸ್ಪಾಂಜ್, ಫಿಲ್ಟರ್ ಕಾಗದ, ಅದರ ಮೇಲೆ ಜೆಲ್, ಜೆಲ್ ಮೇಲೆ ಮೆಂಬ್ರೇನ್, ಮತ್ತೆ ಕಾಗದ, ಮತ್ತೆ ಸ್ಪಾಂಜ್. ಎಸ್‌ಡಿಎಸ್ ಎಂಬ ಸಾಬೂನಿನಂಥದ್ದನ್ನು ಹೊದ್ದ ಪ್ರೋಟೀನಿಗೆ ಋಣ ವಿದ್ಯುದಂಶ ಇರುತ್ತದೆ, ಅದು ಕಪ್ಪು (ಋಣ) ಬದಿಯಿಂದ ಕೆಂಪು (ಧನ) ಬದಿಗೆ ಓಡುತ್ತದೆ. ಅದರ ದಾರಿಗೆ ಮೆಂಬ್ರೇನ್ ಅಡ್ಡ ಇರಬೇಕು. ತಿರುಗುಮುರುಗಾದರೆ ಪ್ರೋಟೀನೆಲ್ಲ ಬಫರಿಗೆ ದಾನ. ಪಿವಿಡಿಎಫ್ ಮೆಂಬ್ರೇನನ್ನು ಮೊದಲು ಅರ್ಧ-ಒಂದು ನಿಮಿಷ ಮೆಥನಾಲಿನಲ್ಲಿ ನೆನೆಸಬೇಕು. ಒಣಗಿದ ಪಿವಿಡಿಎಫ್ ನೀರನ್ನು ಕೆಸುವಿನ ಎಲೆ ಹಾಗೆ ಜಾರಿಸಿಬಿಡುತ್ತದೆ. ಜೆಲ್ ಮೇಲೆ ಮೆಂಬ್ರೇನನ್ನು ಎರಡೂ ಕೈಯಲ್ಲಿ ಬಾಗಿಸಿ ಹಿಡಿದು ನಡುವಿನಿಂದ ಇಳಿಸಿ, ಆಮೇಲೆ ಒಂದು ಗಾಜಿನ ಟ್ಯೂಬನ್ನು ಲಟ್ಟಣಿಗೆ ಹಾಗೆ ಮೆತ್ತಗೆ ಒಮ್ಮೆ ಉರುಳಿಸಿ. ಒಂದು ಗುಳ್ಳೆ ಉಳಿದರೂ ಅಲ್ಲೊಂದು ದುಂಡನೆ ಬಿಳಿ ಚುಕ್ಕೆ, ಅದೂ ಸರಿಯಾಗಿ ನಿಮ್ಮ ಬ್ಯಾಂಡಿನ ಮೇಲೆ. ತಣ್ಣಗೆ ಇಟ್ಟುಕೊಂಡು 100 ವೋಲ್ಟ್, 75 ನಿಮಿಷ. ರಾತ್ರಿಯಿಡೀ ಮಾಡುವುದಾದರೆ ಕೋಲ್ಡ್ ರೂಮಿನಲ್ಲಿ 30 ವೋಲ್ಟ್. ಪ್ಲಗ್ ಯುಪಿಎಸ್ ಸಾಲಿನಲ್ಲಿದೆಯೇ ನೋಡಿಕೊಂಡು ಮನೆಗೆ ಹೋಗಿ.

ತೆಗೆದ ತಕ್ಷಣ ಪಾನ್ಸೋ ಎಂಬ ಬಣ್ಣ ಹಾಕಿ. ಎರಡು ನಿಮಿಷದಲ್ಲಿ ಇಡೀ ಮೆಂಬ್ರೇನ್ ಮೇಲೆ ಗುಲಾಬಿ ಗೆರೆಗಳು ಏಳುತ್ತವೆ, ಲೇನಿನಿಂದ ಲೇನಿಗೆ ಸಮನಾಗಿ. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಅವಸರದಲ್ಲಿ ಎಲ್ಲರೂ ಬಿಡುವುದು ಇದನ್ನೇ. ಗುಲಾಬಿ ಕಂಡರೆ ಟ್ರಾನ್ಸ್‌ಫರ್ ಆಗಿದೆ. ಆಮೇಲೆ ಬ್ಯಾಂಡ್ ಬಾರದಿದ್ದರೆ ತಪ್ಪು ಬೇರೆಲ್ಲೋ ಇದೆ. ಫೋಟೋ ತೆಗೆದು, ನೀರಿನಲ್ಲಿ ತೊಳೆದು, ಮೇಲಿನ ಬಲಮೂಲೆ ಕತ್ತರಿಸಿ ಗುರುತು ಮಾಡಿಕೊಳ್ಳಿ.

ಬ್ಲಾಕ್ ಮಾಡಲು (ಆಂಟಿಬಾಡಿ ಮೆಂಬ್ರೇನಿಗೇ ಅಂಟದಂತೆ ಮುಚ್ಚಲು) ಟಿಬಿಎಸ್‌ಟಿ ಬಫರಿನಲ್ಲಿ 5 ಶೇಕಡ ಕೆನೆ ತೆಗೆದ ಹಾಲಿನ ಪುಡಿ, ಒಂದು ಗಂಟೆ. ಟಿಬಿಎಸ್‌ಟಿಯಲ್ಲಿ ಟ್ವೀನ್-20 ಇರಬೇಕಾದದ್ದು 0.1 ಶೇಕಡ. ಒಬ್ಬ ಹುಡುಗ ಅಂಗಡಿಗೆ ಹೋಗಿ ಸಕ್ಕರೆ ಬೆರೆತ ಡೈರಿ ವೈಟ್ನರ್ ತಂದುಕೊಟ್ಟಿದ್ದ. ಅದರಲ್ಲಿ ಟೀ ಚೆನ್ನಾಗಿ ಆಯಿತು. ಪ್ಯಾಕೆಟ್ ಹಿಂದೆ ಏನೇನಿದೆ ಓದಿ ತನ್ನಿ. ಹಾಲು ಸರಿಯಾಗಿ ಕರಗದೆ ಗಂಟು ಉಳಿದರೆ ಕೊನೆಯ ಚಿತ್ರದಲ್ಲಿ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು.

ಪ್ರೈಮರಿ ಆಂಟಿಬಾಡಿ: 1 ಮಿಲಿಗ್ರಾಂ ಪ್ರತಿ ಮಿಲೀ ಇರುವ ಎಂ2 ನನ್ನ ಕೈಯಲ್ಲಿ 1:2000ಕ್ಕೆ ಚೆನ್ನಾಗಿ ನಡೆಯುತ್ತದೆ, ಅಂದರೆ 10 ಮಿಲೀಗೆ 5 ಮೈಕ್ರೋಲೀಟರ್. ರಾತ್ರಿಯಿಡೀ 4 ಡಿಗ್ರಿಯಲ್ಲಿ ಮೆಲ್ಲಗೆ ಅಲ್ಲಾಡುತ್ತಿರಲಿ. ಬೆಳಿಗ್ಗೆ ಟಿಬಿಎಸ್‌ಟಿಯಲ್ಲಿ 10 ನಿಮಿಷದಂತೆ ಮೂರು ಸಲ ತೊಳೆಯಿರಿ. ಎಚ್‌ಆರ್‌ಪಿ ಕಿಣ್ವ ಹಚ್ಚಿದ ಸೆಕೆಂಡರಿ 1:10000, ಒಂದು ಗಂಟೆ. ಮತ್ತೆ ಮೂರು ತೊಳೆತ. ಇಸಿಎಲ್ ಎರಡು ದ್ರಾವಣ ಸಮ ಬೆರೆಸಿ ಒಂದು ನಿಮಿಷ, ಆಮೇಲೆ ಯಂತ್ರಕ್ಕೆ. 10 ಸೆಕೆಂಡ್, 1 ನಿಮಿಷ, 5 ನಿಮಿಷ, ಮೂರೂ ಚಿತ್ರ ತೆಗೆದಿಡಿ.

ಆಂಟಿಬಾಡಿ ತುಟ್ಟಿ, ಬರುವುದು ನಿಧಾನ. ಹಾಗಾಗಿ ಬಳಸಿದ ಪ್ರೈಮರಿಯನ್ನು ಉಳಿಸಿ ನಾಲ್ಕೈದು ಸಲ ಬಳಸುವುದು ನಮ್ಮಲ್ಲಿ ರೂಢಿ. ಕೆಡದಿರಲೆಂದು 0.02 ಶೇಕಡ ಸೋಡಿಯಂ ಅಜೈಡ್ ಹಾಕುತ್ತೇವೆ. ಅದು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ, ಸಿಂಕಿಗೆ ಸುರಿಯಬೇಡಿ. ಎಚ್‌ಆರ್‌ಪಿ ಹಚ್ಚಿದ ಯಾವುದಕ್ಕೂ ಅಜೈಡ್ ಹಾಕಬಾರದು, ಕಿಣ್ವ ಅಲ್ಲೇ ಸತ್ತುಹೋಗುತ್ತದೆ. ಹೊಸ ವಯಲ್ ಬಂದ ದಿನವೇ 10-20 ಮೈಕ್ರೋಲೀಟರಿನಂತೆ ಹಂಚಿ ಇಡಿ. ಇಡೀ ವಯಲನ್ನು ವಾರಕ್ಕೆರಡು ಸಲ ಕರಗಿಸಿ ಹೆಪ್ಪುಗಟ್ಟಿಸಿದರೆ ಆರು ತಿಂಗಳಲ್ಲಿ ನೀರು.

ಬ್ಯಾಂಡ್ ಓದುವುದು

ಬ್ಯಾಂಡ್ ಬಂತು ಎಂದು ಕುಣಿಯುವ ಮುಂಚೆ ಖಾಲಿ ವೆಕ್ಟರಿನ ಲೇನ್ ನೋಡಿ. ಅಲ್ಲೂ ಅದೇ ಎತ್ತರದಲ್ಲಿ ಬ್ಯಾಂಡ್ ಇದ್ದರೆ ಅದು ನಿಮ್ಮದಲ್ಲ. ಎಲ್ಲ ಲೇನಿನಲ್ಲೂ ಎಲ್ಲ ಕಡೆ ಬ್ಯಾಂಡ್ ಇದ್ದರೆ ಪ್ರೈಮರಿ ಹಾಕದೆ ಬರೀ ಸೆಕೆಂಡರಿ ಹಾಕಿ ಒಂದು ತುಂಡು ಮೆಂಬ್ರೇನ್ ನೋಡಿ. ತಪ್ಪು ಅಲ್ಲೇ ಸಿಕ್ಕುವುದುಂಟು.

ಬ್ಯಾಂಡ್ ನಡುವೆ ಬೆಳ್ಳಗಾಗಿ ಅಂಚಷ್ಟೇ ಕಪ್ಪಗಿದ್ದರೆ, ಮೆಂಬ್ರೇನ್ ಮೇಲೆ ಕಣ್ಣಿಗೇ ಕಂದು ಗುರುತು ಕಂಡರೆ, ಸಿಗ್ನಲ್ ಕಡಿಮೆಯಲ್ಲ, ವಿಪರೀತ ಆಗಿದೆ. ಎಚ್‌ಆರ್‌ಪಿ ಅಲ್ಲಿದ್ದ ಇಸಿಎಲ್ಲನ್ನು ಕ್ಷಣದಲ್ಲಿ ಕುಡಿದು ಸುಟ್ಟಿದೆ. ಹೊಸಬರು ಇದನ್ನು ನೋಡಿ ಆಂಟಿಬಾಡಿ ಇನ್ನೂ ಹೆಚ್ಚು ಹಾಕುತ್ತಾರೆ. ಇಳಿಸಬೇಕು. ಪ್ರೋಟೀನೂ ಇಳಿಸಿ, ಸೆಕೆಂಡರಿಯೂ ಇಳಿಸಿ.

ಲೆಕ್ಕ ಹಾಕಿದ ತೂಕಕ್ಕಿಂತ ಮೇಲೆ ಬಂದರೆ ಹೆದರಬೇಡಿ. ಸಕ್ಕರೆ ಅಂಟಿದ ಪ್ರೋಟೀನ್, ಪ್ರೋಲಿನ್ ಹೆಚ್ಚಿರುವುದು, ಆಮ್ಲೀಯ ಭಾಗ ಇರುವುದು ಜೆಲ್ಲಿನಲ್ಲಿ ನಿಧಾನ ಓಡುತ್ತವೆ. ಕೆಳಗೆ ಹೆಚ್ಚುವರಿ ಬ್ಯಾಂಡ್ ಬಂದರೆ ಟ್ಯಾಗ್ ಯಾವ ತುದಿಯಲ್ಲಿದೆ ಎಂದು ನೆನೆಸಿಕೊಳ್ಳಿ. ಅಮೈನೋ ತುದಿಯ ಟ್ಯಾಗ್ ತೋರಿಸುವುದು ಆ ತುದಿ ಉಳಿದ ತುಂಡುಗಳನ್ನು ಮಾತ್ರ, ಕಾರ್ಬಾಕ್ಸಿ ಟ್ಯಾಗ್ ಈ ತುದಿಯ ತುಂಡುಗಳನ್ನು. ಕಾರ್ಬಾಕ್ಸಿ ಟ್ಯಾಗಿನಲ್ಲಿ ಮಾತ್ರ ಒಂದು ಚಿಕ್ಕ, ಚೊಕ್ಕ ಬ್ಯಾಂಡ್ ಸದಾ ಕಂಡರೆ ಪ್ರೋಟೀನ್ ಮುರಿದಿರಲೇಬೇಕೆಂದಿಲ್ಲ. ಜೀನಿನ ಒಳಗಿನ ಇನ್ನೊಂದು ಮೆಥಿಯೋನಿನ್ನಿನಿಂದ ರೈಬೋಸೋಮ್ ಶುರು ಮಾಡಿರಬಹುದು. ಎರಡೂ ತುದಿಯ ಟ್ಯಾಗ್ ಮಾಡಿ ಎಂದು ಮೇಲೆ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ರವಿಸುವ ಪ್ರೋಟೀನುಗಳಲ್ಲಿ ಫ್ಲ್ಯಾಗಿನ ಟೈರೋಸಿನ್ನಿಗೆ ಸಲ್ಫೇಟ್ ಅಂಟಿಕೊಂಡು ಎಂ2ಗೆ ಹಿಡಿತ ಸಿಗದೆ ಹೋಗುವುದೂ ಇದೆ. ಕೊರೆದ ಅಕ್ಷರದ ಮೇಲೆ ಕಿಟ್ಟ ಕಟ್ಟಿದ ಹಾಗೆ.

ಎಳೆದು ತೆಗೆಯುವಾಗ

ಟ್ಯಾಗ್ ಹಿಡಿದು ಪ್ರೋಟೀನನ್ನೂ ಅದರ ಜತೆಗಾರರನ್ನೂ ಒಟ್ಟಿಗೆ ಎಳೆಯುವುದಕ್ಕೆ ನಾವು ಐಪಿ (ಇಮ್ಯುನೋಪ್ರೆಸಿಪಿಟೇಶನ್) ಅನ್ನುತ್ತೇವೆ. ಬ್ಲಾಟಿನಲ್ಲಿ ಪ್ರೋಟೀನ್ ಬಿಚ್ಚಿ ಹರಡಿರುತ್ತದೆ, ಇಲ್ಲಿ ಮಡಿಚಿಕೊಂಡೇ ಇರುತ್ತದೆ. ಹೆಸರನ್ನು ತಳಕ್ಕೆ ಕೊರೆಸಿದ ಲೋಟ ಬೋರಲು ಇಟ್ಟರೆ ಕಾಣುತ್ತದೆ, ನೆಟ್ಟಗೆ ಇಟ್ಟರೆ ಇಲ್ಲ. ಬ್ಲಾಟಿನಲ್ಲಿ ಚಂದ ಕಂಡ ಟ್ಯಾಗ್ ಐಪಿಯಲ್ಲಿ ಸಿಗದಿದ್ದರೆ ಅದು ಮಡಿಕೆಯೊಳಗೆ ಹುದುಗಿರಬಹುದು. ಟ್ಯಾಗಿಗೂ ಪ್ರೋಟೀನಿಗೂ ನಡುವೆ ಗ್ಲೈಸಿನ್-ಸೆರಿನ್ನಿನ ಸಣ್ಣ ಕೊಂಡಿ ಹಾಕಿ, ಅಥವಾ ತುದಿ ಬದಲಿಸಿ. ರಿಪಾ ಬಫರ್ ಇಲ್ಲಿ ಬೇಡ, ಜತೆಗಾರರನ್ನು ಬಿಡಿಸಿಬಿಡುತ್ತದೆ. ಎನ್‌ಪಿ-40 ಇರುವ ಮೃದು ಬಫರ್ ಸಾಕು. ಡಿಟಿಟಿ ಹಾಕಬೇಡಿ, ಆಂಟಿಬಾಡಿಯ ಸರಪಳಿಗಳೇ ಬಿಚ್ಚಿಕೊಳ್ಳುತ್ತವೆ.

ನನ್ನ 48ರ ಪ್ರೋಟೀನ್ ಮೂರು ಪಟ್ಟಿನ ಫ್ಲ್ಯಾಗ್ ಸೇರಿ 51 ಆಯಿತಲ್ಲ, ಐಪಿಯಲ್ಲಿ ಅದು ಇನ್ನೊಂದು ಆಟ ಆಡಿಸಿತು. ಆಂಟಿಬಾಡಿ ಕೂರಿಸಿದ ಸಣ್ಣ ಮಣಿಗಳನ್ನು ಕುದಿಸಿದರೆ ಎಂ2ನ ಭಾರ ಸರಪಳಿಯೂ ಕಳಚಿ 50ರ ಹತ್ತಿರ ದೊಡ್ಡ ಕಲೆಯಾಗಿ ಕೂರುತ್ತದೆ, ಹಗುರ ಸರಪಳಿ 25ರಲ್ಲಿ. ನನ್ನ ಬ್ಯಾಂಡ್ ಆ ಕಲೆಯ ಅಡಿಯಲ್ಲಿ ಹೂತುಹೋಯಿತು. ದಾರಿ ಸುಲಭ: ಕುದಿಸಬೇಡಿ, ಮೂರು ಪಟ್ಟಿನ ಫ್ಲ್ಯಾಗ್ ಪೆಪ್ಟೈಡ್ 150 ಮೈಕ್ರೋಗ್ರಾಂ ಪ್ರತಿ ಮಿಲೀ ಹಾಕಿ 4 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ಪೆಪ್ಟೈಡ್ ಪೈಪೋಟಿ ಮಾಡಿ ಪ್ರೋಟೀನನ್ನು ಬಿಡಿಸುತ್ತದೆ, ಆಂಟಿಬಾಡಿ ಮಣಿಯ ಮೇಲೇ ಉಳಿಯುತ್ತದೆ. ಪೆಪ್ಟೈಡ್ ಇಲ್ಲದಿದ್ದರೆ ಎಳೆಯುವುದಕ್ಕೆ ಮೌಸ್‌ನದ್ದು, ಬ್ಲಾಟಿಗೆ ಮೊಲದ ಆಂಟಿಬಾಡಿ.

ಸೂಕ್ಷ್ಮದರ್ಶಕದ ಕೆಲಸಕ್ಕೂ ಇದೇ ಆಂಟಿಬಾಡಿ ಬರುತ್ತದೆ: 4 ಶೇಕಡ ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, 0.2 ಶೇಕಡ ಟ್ರೈಟಾನ್ 10 ನಿಮಿಷ. ಟ್ರೈಟಾನ್ ಹಾಕದೆಯೂ ಒಂದು ತಟ್ಟೆ ಮಾಡಿ. ಆಗಲೂ ಹೊಳೆದರೆ ಟ್ಯಾಗ್ ಕೋಶದ ಹೊರಮೈಯಲ್ಲಿದೆ ಎಂದು ತಿಳಿಯುತ್ತದೆ. ಅತಿಯಾಗಿ ಹೊಳೆಯುವ ಕೋಶದ ಫೋಟೋ ಮಾತ್ರ ತೆಗೆದು ಇದೇ ಪ್ರೋಟೀನಿನ ಜಾಗ ಅನ್ನಬೇಡಿ. ಪ್ಲಾಸ್ಮಿಡ್ ಹೆಚ್ಚು ಕುಡಿದ ಕೋಶದಲ್ಲಿ ಪ್ರೋಟೀನ್ ಎಲ್ಲೆಂದರಲ್ಲಿ ತುಂಬಿ ಚೆಲ್ಲಿರುತ್ತದೆ. ಮಂಕಾಗಿ ಹೊಳೆಯುವವನ್ನು ನಂಬಿ.

ಇನ್ನು ನೋಟ್‌ಬುಕ್. "ಫ್ಲ್ಯಾಗ್ ಬ್ಲಾಟ್ ಮಾಡಿದೆ, ಚೆನ್ನಾಗಿ ಬಂತು" ಎಂದು ಬರೆದ ಪುಟವನ್ನು ನಾನು ಹುಡುಗರ ಎದುರೇ ಹೊಡೆದುಹಾಕುತ್ತೇನೆ, ಸಿಟ್ಟಾದರೂ ಪರವಾಗಿಲ್ಲ. ಕಳೆದ ವಾರ ನಮ್ಮ ಹೊಸ ಹುಡುಗಿ ಬರೆದ ಸಾಲು ಹೀಗಿತ್ತು: "ಎಂ2, ಲಾಟ್ ನಂಬರ್ ಪಕ್ಕದಲ್ಲಿ ಅಂಟಿಸಿದೆ, 1:2000, ಮೂರನೆ ಬಳಕೆ, ಲೇನ್ 1 ಬರೀ ಕೋಶ, 2 ಖಾಲಿ ವೆಕ್ಟರ್, 3 ದಾರಿದೀಪ, 4 ನಮ್ಮದು, ಪಾನ್ಸೋ ಸಮ, 3ರಲ್ಲಿ 10 ಸೆಕೆಂಡಿಗೇ ಬಂತು, 4ರಲ್ಲಿ 5 ನಿಮಿಷಕ್ಕೂ ಇಲ್ಲ. ಮೊದಲು ಸ್ಟಾಪ್ ಕೋಡಾನ್ ನೋಡುವುದು." ಅವಳು ನನ್ನ ಮೇಜಿಗೆ ಬರಲಿಲ್ಲ, ನೇರ ಕಂಪ್ಯೂಟರಿಗೆ ಹೋಗಿ ಸೀಕ್ವೆನ್ಸ್ ತೆರೆದಳು. ಸ್ಟಾಪ್ ಕೋಡಾನ್ ಇರಲಿಲ್ಲ. ಟ್ಯಾಗಿಗೆ ಸ್ವಲ್ಪ ಮುಂಚೆ ಒಂದು ಬೇಸ್ (ಡಿಎನ್ಎಯ ಒಂದಕ್ಷರ) ಬಿಟ್ಟುಹೋಗಿ ಮೂರು ಮೂರಾಗಿ ಓದುವ ಫ್ರೇಮ್ ತಪ್ಪಿತ್ತು. ಪ್ರೈಮರ್ ಮತ್ತೆ ಆರ್ಡರ್ ಹಾಕಿದ್ದೇವೆ, ಗುರುವಾರ ಬರುತ್ತದಂತೆ.